ಎರಡು ಲೈನಿನ ತೀರ್ಮಾನ

ನೀರು ಸರಬರಾಜು ಕಚೇರಿಯ ಮೂರನೆಯ ಮಹಡಿಯಲ್ಲಿ, ಹಳೆಯ ನಕ್ಷೆಗಳ ಬೀರುಗಳನ್ನೆಲ್ಲ ಒಂದು ಮೂಲೆಗೆ ಒತ್ತರಿಸಿ ಕಂಪ್ಯೂಟರ್ ವಿಭಾಗಕ್ಕೆ ಜಾಗ ಮಾಡಿದ್ದರು. ಆ ವಿಭಾಗದ ಹಿರಿಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮಿಕ್ಕೆಲ್ಲ ಕಡೆ ಅವನು ಅದೂಸರಿ. ಯಾರು ಏನು ಹೇಳಿದರೂ ಒಂದು ಕ್ಷಣ ಕಣ್ಣು ಮುಚ್ಚಿ, ತಲೆದೂಗಿ, ‘ಅದೂ ಸರಿ’ ಎನ್ನುವುದು ಅವನ ಅಭ್ಯಾಸ. ಏನು ಬಿಸಿಲಪ್ಪಾ ಎಂದವನಿಗೂ ಅದೂ ಸರಿ, ಎಲ್ಲಿದೆ ಬಿಸಿಲು, ಮೋಡ ಕವಿದಿದೆಯಲ್ಲ ಎಂದವನಿಗೂ ಅದೂ ಸರಿ. ಇದರಿಂದ ಅವನಿಗೆ ಶತ್ರುಗಳು ಯಾರೂ ಹುಟ್ಟಿಕೊಂಡಿರಲಿಲ್ಲ. ಹಾಗೆಯೇ, ಇದೊಂದು ವಿಷಯ ತೀರ್ಮಾನಿಸಿ ಹೇಳಯ್ಯಾ ಎಂದು ಅವನನ್ನು ಕೇಳುವ ಸಾಹಸವನ್ನೂ ಇಷ್ಟು ವರ್ಷದ ನೌಕರಿಯಲ್ಲಿ ಯಾರೂ ಮಾಡಿರಲಿಲ್ಲ.

ಅವನ ಕೆಲಸ ಹೇಳುವುದಕ್ಕೆ ಸುಲಭ. ಊರಿನ ಪ್ರತಿ ಪಂಪ್‌ಹೌಸಿನಲ್ಲೂ ಒಂದು ಪುಟ್ಟ ಕಂಪ್ಯೂಟರ್ ಕೂತಿರುತ್ತದೆ. ಯಾವ ವಾಲ್ವ್ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಅದಕ್ಕೆ ಹೇಳುವ ಪ್ರೋಗ್ರಾಂ ಆಗಾಗ ಬದಲಾಗುತ್ತಿರುತ್ತದೆ. ಬದಲಾದ ಪ್ರೋಗ್ರಾಂ ಅನ್ನು ಅಲ್ಲಿಗೆ ತಲುಪಿಸುವುದಕ್ಕೆ ಕಚೇರಿಯಲ್ಲಿ ಎರಡು ಸಾಧನಗಳಿದ್ದವು. ಕೆಲಸದ ಸರದಿಯಲ್ಲಿ ಮೇಲಿನದರ ಹೆಸರು ‘ಕಟ್ಟು’, ಕೆಳಗಿನದರ ಹೆಸರು ‘ಕಳಿಸು’. ಕಪ್ಪು ಪರದೆಯ ಮೇಲೆ ಕಟ್ಟು ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಪ್ರೋಗ್ರಾಂ ಗಂಟು ಕಟ್ಟಿಕೊಂಡು ತಯಾರಾಗಿ ಕೂರುತ್ತದೆ. ಕಳಿಸು ಎಂದು ಟೈಪ್ ಮಾಡಿದರೆ ಆ ಗಂಟು ಪಂಪ್‌ಹೌಸಿಗೆ ಹೋಗಿ ಬಿಚ್ಚಿಕೊಳ್ಳುತ್ತದೆ. ಬಣ್ಣವಿಲ್ಲ, ಚಿತ್ರವಿಲ್ಲ, ಒತ್ತುವುದಕ್ಕೆ ಗುಂಡಿಯಿಲ್ಲ. ಇಂಥ ಸಾಧನಗಳಿಗೆ ಕಮಾಂಡ್ ಲೈನ್ ಎನ್ನುತ್ತಾರೆ. ಮುಂದೆ ನಡೆದ ಅನಾಹುತಕ್ಕೆಲ್ಲ ಆ ‘ಲೈನ್’ ಎಂಬ ಪದವೇ ಮೂಲವಾದ್ದರಿಂದ ಓದುಗರು ಅದನ್ನು ಸ್ವಲ್ಪ ಗಮನದಲ್ಲಿಟ್ಟುಕೊಳ್ಳಬೇಕು.

ಸೋಮವಾರ, ಹೊಸದಾಗಿ ವರ್ಗವಾಗಿ ಬಂದಿದ್ದ ಮುಖ್ಯ ಎಂಜಿನಿಯರ್ ಮೇಡಂ ಮಹಡಿ ಹತ್ತಿ ಬಂದು ಅದೂಸರಿಯ ಬೆನ್ನ ಹಿಂದೆ ನಿಂತರು.

“ಕಟ್ಟೋದಕ್ಕೊಂದು, ಕಳಿಸೋದಕ್ಕೊಂದು. ಎರಡು ಯಾಕೆ? ಸೇರಿಸಿ ಒಂದೇ ಮಾಡಿದ್ರೆ ಆಗಲ್ವಾ?”

“ಅದೂ ಸರಿ ಮೇಡಂ.”

“ಅಥವಾ ಬೇರೆ ಬೇರೆ ಇಟ್ಟಿರೋದಕ್ಕೆ ಏನಾದ್ರೂ ಕಾರಣ ಇದೆಯಾ?”

“ಅದೂ ಸರಿ ಮೇಡಂ.”

ಮೇಡಂ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಮುಚ್ಚಿದರು. “ಶುಕ್ರವಾರದೊಳಗೆ ನೀವೇ ತೀರ್ಮಾನ ಮಾಡಿ ಹೇಳಿ. ಸೇರಿಸೋದೋ, ಬೇರೆ ಇಡೋದೋ. ನನಗೆ ಒಂದು ಮಾತು ಸಾಕು.”

ಅವರು ಮೆಟ್ಟಿಲಿಳಿಯುವ ಮೊದಲೇ ವಿಭಾಗದಲ್ಲಿ ಜಗಳ ಹತ್ತಿಕೊಂಡಿತು. ಅಲ್ಲಿದ್ದವರು ಇನ್ನಿಬ್ಬರೇ. ‘ಕಟ್ಟು’ ಬರೆದವನು ಗಡ್ಡದವನು. ‘ಕಳಿಸು’ ಬರೆದವಳು, ಏಸಿಯ ತಣುಪಿಗೆ ವರ್ಷವಿಡೀ ಶಾಲು ಹೊದ್ದು ಕೂರುವ ಶಾಲಿನವಳು.

“ಬೇರೆನೇ ಇರ್ಬೇಕು,” ಎಂದ ಗಡ್ಡದವನು. “ಕಟ್ಟಿದ ಮೇಲೆ ಒಂದ್ಸಲ ಸರಿಯಾಗಿದೆಯಾ ಅಂತ ನೋಡ್ಬೇಕು. ಸೇರಿಸ್ಬಿಟ್ರೆ ನೋಡೋದು ಯಾವಾಗ? ಒಂದು ಕಡೆ ಕೆಟ್ರೆ ಎರಡೂ ಕಡೆ ಕೆಡುತ್ತೆ.”

“ಅದೂ ಸರಿ.”

“ಏನು ಸರಿ?” ಎಂದಳು ಶಾಲಿನವಳು. “ಇವನು ಹೊಸ ಗಂಟು ಕಟ್ಟಿ ಹೇಳೋದೇ ಇಲ್ಲ. ಹಳೇದನ್ನೇ ಕಳಿಸಿ ನಾನು ಬೈಸ್ಕೊಂಡಿದ್ದು ಎಷ್ಟು ಸಲ? ಮೇಲೆ ಏನಿದೆ ಅಂತ ಕೆಳಗಿರೋರಿಗೆ ಗೊತ್ತೇ ಇರಲ್ಲ. ಸೇರಿಸಿ ಒಂದು ಮಾಡಿ, ಸಾಕಾಗಿದೆ.”

“ಅದೂ ಸರಿ.”

ಇಬ್ಬರೂ ಅವನನ್ನು ನೋಡಿದ ನೋಟದಲ್ಲಿ ಅಂದೇ ಮೊದಲ ಬಾರಿಗೆ ಒಂದು ಬಗೆಯ ಹಸಿವಿತ್ತು. ತನ್ನ ಬಾಯಿಂದ ಬೀಳುವ ಮಾತಿಗಾಗಿ ಜನ ಕಾಯುವುದು ಎಂದರೇನೆಂದು ಅದೂಸರಿಗೆ ಆವತ್ತು ತಿಳಿಯಿತು. ಸಂಜೆ ಮನೆಗೆ ನಡೆಯುವಾಗ ಬೆನ್ನು ತಾನಾಗಿ ನೆಟ್ಟಗಾಗಿತ್ತು.

ಅವನ ಮನೆ ಇದ್ದದ್ದು ಗುಡ್ಡದ ಇಳಿಜಾರಿನಲ್ಲಿ. ಮುಂಬಾಗಿಲು ಮೇಲಿನ ಬೀದಿಗೆ ತೆರೆಯುತ್ತಿತ್ತು, ಹಿತ್ತಿಲ ಬಾಗಿಲು ಕೆಳಗಿನ ಬೀದಿಗೆ. ಊರಿನ ಆ ಭಾಗಕ್ಕೆ ನೀರು ಬರುತ್ತಿದ್ದುದೂ ಎರಡು ಲೈನುಗಳಲ್ಲಿ. ಮೇಲಿನ ಬೀದಿಯ ಲೈನಿನಲ್ಲಿ ನಲ್ಲಿ ತಿರುಗಿಸಿದರೆ ನೀರು ಬೊಗಸೆಯನ್ನು ತಳ್ಳುವಷ್ಟು ರಭಸ. ಕೆಳಗಿನ ಬೀದಿಯಲ್ಲಿ ನಲ್ಲಿ ಮೊದಲು ಕೆಮ್ಮುತ್ತದೆ, ಆಮೇಲೆ ಯೋಚಿಸುತ್ತದೆ, ಆಮೇಲೆ ಮನಸ್ಸಿದ್ದರೆ ತೊಟ್ಟಿಕ್ಕುತ್ತದೆ.

ಆ ರಾತ್ರಿ ಊಟಕ್ಕೆ ಭಾವಮೈದ ಬಂದಿದ್ದ. ನಲ್ಲಿ, ಪೈಪು, ನೀರಿನ ಟ್ಯಾಂಕು ಮಾರುವ ಅಂಗಡಿ ಅವನದು. ಪಕ್ಕದ ಮಳಿಗೆಯನ್ನೂ ಹಿಡಿದು ಅಂಗಡಿ ಹಿಗ್ಗಿಸುವ ಕಥೆಯನ್ನು ಅವನು ಅನ್ನಕ್ಕೂ ಮಜ್ಜಿಗೆಗೂ ನಡುವೆ ಮೂರು ಸಲ ಹೇಳಿದ. ಅದೂಸರಿಯ ಹೆಂಡತಿ ತಮ್ಮನ ಮಾತಿಗೆ ಕಣ್ಣರಳಿಸಿ ಕೂತಿದ್ದಳು. ಆಕೆ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ಕಲಿಯುವವರ ಪಕ್ಕ ಕೂತು, ತನ್ನ ಕಾಲ ಬಳಿಯ ಬ್ರೇಕ್ ಒತ್ತಿ ಎಷ್ಟೋ ಗೋಡೆಗಳನ್ನು ಉಳಿಸಿದವಳು. ಗಂಡನ ವಿಷಯಕ್ಕೆ ಅವಳು ಕಣ್ಣರಳಿಸಿ ಬಹಳ ಕಾಲವಾಗಿತ್ತು.

“ನನಗೂ ಈ ವಾರ ಒಂದು ದೊಡ್ಡ ಜವಾಬ್ದಾರಿ ಬಂದಿದೆ,” ಎಂದ ಅದೂಸರಿ.

“ಏನು ಭಾವ?”

“ಎರಡು ಲೈನು. ಸೇರಿಸೋದೋ ಬೇರೆ ಇಡೋದೋ ಅಂತ. ಮುಖ್ಯ ಎಂಜಿನಿಯರು ನನ್ನ ಮೇಲೇ ಬಿಟ್ಟಿದ್ದಾರೆ. ಶುಕ್ರವಾರ ನಾನು ಏನು ಹೇಳ್ತೀನೋ ಅದೇ ಆಗೋದು.”

ಭಾವಮೈದನ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. “ಎರಡೂ ಲೈನು ನಿಮ್ಮ ಕೈಲಾ?”

“ಮತ್ತಿನ್ಯಾರ ಕೈಲಿ?”

ಹೆಂಡತಿ ಗಂಡನ ಕಡೆ ತಿರುಗಿ ಕಣ್ಣರಳಿಸಿದಳು. ಆ ಒಂದು ನೋಟದ ಸುಖಕ್ಕೆ ಅದೂಸರಿ ಹೆಚ್ಚಿನ ವಿವರಣೆ ಕೊಡುವ ಗೋಜಿಗೆ ಹೋಗಲಿಲ್ಲ. ಭಾವಮೈದ ಮಾತ್ರ ಕೈ ತೊಳೆದದ್ದೇ ತಡ, ಅಂಗಡಿಯಲ್ಲಿ ಏನೋ ಮರೆತೆ ಎಂದು ಎದ್ದು ಹೋದ.

ಮರುದಿನ ಬೆಳಿಗ್ಗೆ ಅದೂಸರಿ ಹಲ್ಲುಜ್ಜುತ್ತಿರುವಾಗ ಮುಂಬಾಗಿಲು ಬಡಿದ ಸದ್ದಾಯಿತು. ಮೇಲಿನ ಬೀದಿಯ ಹಲ್ಲಿನ ಡಾಕ್ಟರು.

“ಸೇರಿಸಬೇಡಿ,” ಎಂದರು, ಪೀಠಿಕೆಯಿಲ್ಲದೆ.

ಅದೂಸರಿ ಬಾಯಿಂದ ಬ್ರಷ್ ತೆಗೆದ. “ನಿಮಗೂ ಗೊತ್ತಾಯ್ತಾ?”

“ಬೀದಿಗೆಲ್ಲ ಗೊತ್ತು. ಸೇರಿಸಿದ್ರೆ ಒತ್ತಡ ಬೀಳುತ್ತೆ ಅಲ್ವಾ?”

“ಬೀಳದೆ ಇರುತ್ತಾ? ಎಲ್ಲಾ ಒತ್ತಡ ಒಂದರ ಮೇಲೇ ಬೀಳುತ್ತೆ.”

“ಒಂದು ಕಡೆ ಕೆಟ್ರೆ ಇನ್ನೊಂದು ಕಡೆನೂ ಕೆಡುತ್ತೆ.”

“ನಮ್ಮ ಗಡ್ಡದವನೂ ಇದೇ ಮಾತು ಹೇಳಿದ ನೋಡಿ. ಥೇಟ್ ಇದೇ ಮಾತು.”

“ನೋಡಿದ್ರಾ, ತಿಳಿದೋರೂ ಅದನ್ನೇ ಹೇಳ್ತಾರೆ. ಹಾಗಾದ್ರೆ ಬೇರೆನೇ ಇರ್ಲಿ.”

“ಅದೂ ಸರಿ,” ಎಂದ ಅದೂಸರಿ. ಡಾಕ್ಟರು ಅವನ ಕೈ ಕುಲುಕಿ, ಪೇಸ್ಟಿನ ನೊರೆಯನ್ನು ತಮ್ಮ ಕರವಸ್ತ್ರಕ್ಕೆ ಒರೆಸಿಕೊಂಡು, ಗೆದ್ದ ಮುಖದಲ್ಲಿ ಹೊರಟರು. ಹಲ್ಲು ಕೀಳುವವರಿಗೂ ಸಾಫ್ಟ್‌ವೇರ್ ಬಗ್ಗೆ ಇಷ್ಟೊಂದು ಆಸಕ್ತಿಯೇ ಎಂದು ಅದೂಸರಿ ಬೆರಗಾಗಿ ನಿಂತ.

ಬಾಯಿ ಮುಕ್ಕಳಿಸುವಷ್ಟರಲ್ಲಿ ಹಿತ್ತಿಲ ಬಾಗಿಲು. ಕೆಳಗಿನ ಬೀದಿಯ ಲಾಂಡ್ರಿಯಮ್ಮ, ಕೈಯಲ್ಲಿ ಖಾಲಿ ಬಕೆಟ್ ಹಿಡಿದೇ ಬಂದಿದ್ದಳು.

“ಬೇರೆ ಬೇರೆ ಇಟ್ಟೂ ಇಟ್ಟೂ ನಮಗೆ ಈ ಗತಿ ಬಂತು. ಸೇರಿಸ್ಬಿಡಿ ಸ್ವಾಮಿ.”

“ಎರಡಿರೋದು ಅಷ್ಟು ತೊಂದ್ರೆನಾ?”

“ತೊಂದ್ರೆನಾ? ಮೇಲಿನದು ಎಲ್ಲಾನೂ ತಾನೇ ಇಟ್ಕೊಳ್ಳುತ್ತೆ. ಕೆಳಗೆ ಏನಾದ್ರೂ ಬಂದ್ರೆ ಬಂತು, ಇಲ್ದಿದ್ರೆ ಇಲ್ಲ. ಏನು ಬರುತ್ತೆ, ಯಾವಾಗ ಬರುತ್ತೆ, ಯಾರಾದ್ರೂ ಹೇಳ್ತಾರಾ?”

ಶಾಲಿನವಳ ದೂರೂ ಅಕ್ಷರಶಃ ಇದೇ. ಅದೂಸರಿಗೆ ಮೈ ಜುಮ್ಮೆಂದಿತು. “ಇದನ್ನೆಲ್ಲಾ ನಿಮಗೆ ಯಾರು ಹೇಳ್ಕೊಟ್ರು?”

“ಯಾರು ಹೇಳ್ಕೊಡ್ಬೇಕು? ದಿನಾ ಅನುಭವಿಸ್ತಾ ಇದ್ದೀವಿ.”

“ಅದೂ ಸರಿ,” ಎಂದ ಅವನು, ನಿಜವಾದ ಗೌರವದಿಂದ.

ಹೀಗೆ ಒಂದೇ ಬೆಳಿಗ್ಗೆ, ಒಂದೇ ಮನೆಯ ಎರಡು ಬಾಗಿಲಲ್ಲಿ, ಎರಡು ಬೀದಿಗಳಿಗೂ ಮಾತು ಕೊಟ್ಟದ್ದಾಯಿತು. ಮಧ್ಯಾಹ್ನದ ಹೊತ್ತಿಗೆ ಮೇಲಿನ ಬೀದಿಯಲ್ಲಿ ‘ಬೇರೆ ಅಂತ ಆಯ್ತಂತೆ’ ಎಂದೂ, ಕೆಳಗಿನ ಬೀದಿಯಲ್ಲಿ ‘ಸೇರಿಸ್ತಾರಂತೆ’ ಎಂದೂ ಸುದ್ದಿ ಹಬ್ಬಿತು. ಸಂಜೆ ಎರಡು ಸುದ್ದಿಗಳೂ ಬೀದಿಗಳ ನಡುವಿನ ಮೆಟ್ಟಿಲ ಮೇಲೆ ಮುಖಾಮುಖಿಯಾದವು. ಬುಧವಾರ ಭಾವಮೈದನ ಅಂಗಡಿಯ ಮುಂದೆ ಜನ ಸಾಲುಗಟ್ಟಿದ್ದರು. ಸೇರಿಸಿಬಿಟ್ಟರೆ ಗತಿಯೇನೆಂದು ಮೇಲಿನ ಬೀದಿಯವರು ದೊಡ್ಡ ಟ್ಯಾಂಕು ಕೊಂಡರು. ಸೇರಿಸುತ್ತಾರಲ್ಲ ಎಂಬ ಖುಷಿಗೆ ಕೆಳಗಿನ ಬೀದಿಯವರು ಹೊಸ ನಲ್ಲಿ ಕೊಂಡರು. ಭಾವಮೈದ ಇಬ್ಬರಿಗೂ “ನಮ್ಮ ಭಾವನ ಮನಸ್ಸಲ್ಲಿ ಏನಿದೆಯೋ, ನಾನು ಬಾಯಿ ಬಿಡೋ ಹಾಗಿಲ್ಲ” ಎಂದು ಹೇಳಿ ವ್ಯಾಪಾರವನ್ನು ಇನ್ನಷ್ಟು ಕುದುರಿಸಿದ.

ಅಂದು ಸಂಜೆ ವಾರ್ಡಿನ ಕೌನ್ಸಿಲರು ಖುದ್ದಾಗಿ ಮನೆಗೆ ಬಂದು ಸೋಫಾದ ತುಂಬ ಕೂತರು. ಎರಡೂ ಬೀದಿಗಳ ಮತ ಅವರಿಗೆ ಬೇಕಿತ್ತು.

“ನನ್ನ ಹೆಸರು ಎಲ್ಲೂ ಬರಬಾರದು,” ಎಂದರು. “ನಾಳೆ ಸಂಜೆ ಎರಡು ಕಡೆಯವರನ್ನೂ ಇಲ್ಲೇ ಕರೆಸ್ತೀನಿ. ನೀವು ವಿಷಯ ಎಲ್ಲಾ ಬಿಡಿಸಿ ಹೇಳಿ. ಜನ ನಿಮ್ಮನ್ನ ನಂಬಿದ್ದಾರೆ.”

“ನನ್ನ ಕೆಲಸದ ಬಗ್ಗೆ ಜನರ ಮುಂದೆ ಮಾತಾಡ್ಬೇಕಾ?”

“ಊರೇ ಕಾಯ್ತಾ ಇದೆ.”

ಇಷ್ಟು ವರ್ಷ ಮಗಳ ಶಾಲೆಯವರು ಕೂಡ ಅವನ ಕೆಲಸವೇನೆಂದು ಕೇಳಿರಲಿಲ್ಲ. ಅದೂಸರಿ ಕನ್ನಡಿಯ ಮುಂದೆ ನಿಂತು ಭಾಷಣ ಅಭ್ಯಾಸ ಮಾಡಿದ. ಹೆಂಡತಿ ಅವನ ಒಳ್ಳೆಯ ಶರ್ಟಿಗೆ ಇಸ್ತ್ರಿ ಹಾಕಿದಳು.

ಗುರುವಾರ ಮಧ್ಯಾಹ್ನ, ಮಾತಾಡುವ ಮೊದಲು ಒಮ್ಮೆ ಸೇರಿಸಿಯೇ ನೋಡೋಣ ಎಂದು ಅವನು ಎರಡೂ ಸಾಧನಗಳನ್ನು ಹೊಲಿದು ‘ಕಟ್ಟಿಕಳಿಸು’ ಎಂಬ ಮೂರನೆಯದೊಂದನ್ನು ತಯಾರಿಸಿದ. ಪ್ರಯೋಗಕ್ಕೆ ಒಂದು ಪ್ರೋಗ್ರಾಂ ಬೇಕಲ್ಲ. ಕೈಗೆ ಸಿಕ್ಕಿದ್ದು, ಬೆಂಕಿ ಅವಘಡದ ಅಭ್ಯಾಸಕ್ಕೆಂದು ಯಾವಾಗಲೋ ಬರೆದಿಟ್ಟದ್ದು. ಎಲ್ಲಾದರೂ ಬೆಂಕಿ ಬಿದ್ದರೆ ಮೇಲಿನ ಲೈನಿಗೂ ಕೆಳಗಿನ ಲೈನಿಗೂ ನಡುವಿನ ಅಡ್ಡ ವಾಲ್ವ್ ತೆರೆದು ಇದ್ದಬದ್ದ ನೀರನ್ನೆಲ್ಲ ಒಂದಾಗಿಸುವುದು ಅದರ ಕೆಲಸ. ಅದನ್ನು ಜೋಡಿಸಿಟ್ಟು, ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು, ಹೊತ್ತಾಯಿತೆಂದು ಮನೆಗೆ ಓಡಿದ.

ಹಾಲ್ ಆಗಲೇ ಕಿಕ್ಕಿರಿದಿತ್ತು. ಮೇಲಿನ ಬೀದಿಯವರು ಮುಂಬಾಗಿಲಿಂದ ಬಂದು ಕುರ್ಚಿಗಳನ್ನೆಲ್ಲ ಹಿಡಿದಿದ್ದರು. ಕೆಳಗಿನ ಬೀದಿಯವರು ಹಿತ್ತಿಲಿಂದ ಬಂದು ಅಡುಗೆಮನೆಯಿಂದ ಹಾಲಿನವರೆಗೂ ನಿಂತಿದ್ದರು. ನಡುವೆ ಊಟದ ಮೇಜು ಗಡಿಯಂತಿತ್ತು. ಕೌನ್ಸಿಲರು ಯಾವ ಕಡೆಗೂ ಸೇರದ ಹಾಗೆ ಬಚ್ಚಲುಮನೆಯ ಬಾಗಿಲಿಗೆ ಒರಗಿದ್ದರು.

ಅದೂಸರಿ ಗಂಟಲು ಸರಿಮಾಡಿಕೊಂಡ. “ಮೊದಲಿಗೆ ಒಂದು ವಿಷಯ ತಿಳ್ಕೋಬೇಕು. ಈ ಎರಡರಲ್ಲಿ ಮೇಲಿನದು ಕಟ್ಟುತ್ತೆ. ಕೆಳಗಿನದು ಕಳಿಸುತ್ತೆ.”

ಕೆಳಗಿನ ಬೀದಿಯ ಕಡೆ ಒಂದು ಗುಸುಗುಸು ಎದ್ದಿತು.

“ಕಟ್ಟುತ್ತೆ ಅಂದ್ರೆ?” ಲಾಂಡ್ರಿಯಮ್ಮ ಕೇಳಿದಳು.

“ಕಟ್ಟಿ ಅಲ್ಲೇ ಇಟ್ಕೊಳ್ಳುತ್ತೆ. ನಾವಾಗಿ ಹೇಳೋವರೆಗೂ ಕೆಳಗೆ ಬಿಡಲ್ಲ.”

“ಕೇಳಿದ್ರಾ,” ಎಂದು ಅವಳು ತಿರುಗಿ ತನ್ನವರಿಗೆ ಹೇಳಿದಳು. “ಕಟ್ಟಿ ನಿಲ್ಲಿಸಿದ್ದಾರೆ. ಆಫೀಸಿನವರೇ ಒಪ್ಕೊಂಡ್ರು.”

“ಯಾರು ನಿಲ್ಲಿಸಿದ್ದು?” ಡಾಕ್ಟರು ಕುರ್ಚಿಯಿಂದೆದ್ದರು. “ನಾವೇನು ರಾತ್ರಿ ಹೋಗಿ ಪೈಪಿಗೆ ಬಟ್ಟೆ ತುರುಕಿದ್ವಾ?”

“ತುರುಕಿದ್ದು ಗಡ್ಡದವನು,” ಎಂದಿತು ಅಡುಗೆಮನೆಯಿಂದ ಒಂದು ದನಿ. ಅದೂಸರಿ ಡಾಕ್ಟರಿಗೆ ಹೇಳಿದ್ದ ಹೆಸರು ಎರಡು ದಿನದಲ್ಲಿ ಊರೆಲ್ಲ ಸುತ್ತಿ ಒಬ್ಬ ಪೈಪುಗಳ್ಳನಾಗಿ ಬೆಳೆದಿತ್ತು.

“ಪೈಪಾ?” ಎಂದ ಅದೂಸರಿ. ಅವನ ಮಾತು ಯಾರಿಗೂ ಕೇಳಲಿಲ್ಲ. ಮೇಜಿನ ಈಚೆಯವರು ಆಚೆಯವರಿಗೆ ಬೆರಳು ತೋರಿಸುತ್ತಿದ್ದರು. ಭಾವಮೈದ ಎರಡು ಕಡೆಯ ಗಿರಾಕಿಗಳೂ ತನ್ನನ್ನು ನೋಡದಂತೆ ಕಿಟಕಿಯ ಪರದೆಯ ಹಿಂದೆ ಸರಿಯುತ್ತಿದ್ದ.

ಆಗ ಹೆಂಡತಿ ಮೇಜಿಗೆ ಲೋಟ ಕುಟ್ಟಿದಳು. ಅವಳ ಕಾಲು ನೆಲವನ್ನು ಒತ್ತಿ ಹಿಡಿದಿತ್ತು, ಕೆಳಗೆ ಬ್ರೇಕ್ ಇದೆಯೋ ಎಂಬಂತೆ. ಗದ್ದಲ ನಿಂತಿತು.

“ನೀವು ಯಾವ ಲೈನ್ ವಿಷಯ ಹೇಳ್ತಾ ಇದ್ದೀರಿ?” ಎಂದು ಗಂಡನನ್ನು ಕೇಳಿದಳು.

“ಕಮಾಂಡ್ ಲೈನ್.”

“ಅದು ಯಾವ ಬೀದಿಲಿದೆ?” ಯಾರೋ ಕೇಳಿದರು.

ಬೀದಿಯಲ್ಲಿಲ್ಲ, ಕಂಪ್ಯೂಟರಿನಲ್ಲಿದೆ, ನೀರಿನ ಪೈಪಿಗೂ ತನ್ನ ತೀರ್ಮಾನಕ್ಕೂ ಸಂಬಂಧವೇ ಇಲ್ಲ ಎಂದು ಅದೂಸರಿ ಬೆವರು ಒರೆಸಿಕೊಳ್ಳುತ್ತ ವಿವರಿಸಿದ. ಯಾರೂ ನಂಬಲಿಲ್ಲ. ಒತ್ತಡಕ್ಕೆ ಹೆದರಿ ಮಾತು ತಿರುಗಿಸುತ್ತಿದ್ದಾನೆ ಎಂದು ಎರಡು ಬೀದಿಗಳೂ ಮೊದಲ ಬಾರಿಗೆ ಒಮ್ಮತಕ್ಕೆ ಬಂದವು. ಹೆಂಡತಿಯ ಮುಖದಲ್ಲಿ ಸೋಮವಾರದಿಂದ ಇದ್ದ ಬೆಳಕು ಆರುತ್ತಿರುವುದು ಅವನಿಗೆ ಕಂಡಿತು.

“ಬನ್ನಿ, ತೋರಿಸೇಬಿಡ್ತೀನಿ,” ಎಂದು ಅವನು ಲ್ಯಾಪ್‌ಟಾಪನ್ನು ಮೇಜಿನ ಮೇಲೆ ತೆರೆದ. ಕಪ್ಪು ಪರದೆಯ ಮುಂದೆ ಎರಡು ಬೀದಿಗಳ ತಲೆಗಳೂ ಒಂದಕ್ಕೊಂದು ತಾಕಿದವು. “ಇದೇ ಆ ಲೈನ್. ಸೇರಿಸಿದ್ದು ಹೀಗಿರುತ್ತೆ.” ‘ಕಟ್ಟಿಕಳಿಸು’ ಎಂದು ಟೈಪ್ ಮಾಡಿ ಎಂಟರ್ ಒತ್ತಿದ. “ನೋಡಿ, ಈಗ ಗಂಟು ಕಟ್ತಾ ಇದೆ. ಕಟ್ಟಿ ಆಯ್ತು. ಈಗ ನಾವು ಇದನ್ನ ಬಿಚ್ಚಿ ನೋಡಿ, ಆಮೇಲೆ...”

ಪರದೆಯ ಮೇಲೆ ಇನ್ನೊಂದು ಸಾಲು ಮೂಡಿತು. ಕಳಿಸಿ ಆಯ್ತು.

ಸೇರಿಸಿದ ಮೇಲೆ ಬಿಚ್ಚಿ ನೋಡುವುದಕ್ಕೆ ನಡುವೆ ಜಾಗವೇ ಇರುವುದಿಲ್ಲ ಎಂಬ ಗಡ್ಡದವನ ವಾದ ಅದೂಸರಿಗೆ ಆ ಕ್ಷಣ ಪೂರ್ತಿಯಾಗಿ ಅರ್ಥವಾಯಿತು. ಗುಡ್ಡದ ಮೇಲೆಲ್ಲೋ ಗೊರಗೊರ ಎಂದ ಸದ್ದಾಯಿತು. ಲಾಂಡ್ರಿಯಮ್ಮನ ಫೋನು ಹೊಡೆದುಕೊಂಡಿತು. ಅವಳು ಕೇಳಿ, ಫೋನನ್ನು ಎದೆಗೊತ್ತಿಕೊಂಡು ಹೇಳಿದಳು: “ತೊಟ್ಟಿ ತುಂಬ್ತಾ ಇದೆಯಂತೆ. ಹೊಸ ನಲ್ಲಿ ಕಿತ್ಕೊಂಡು ಹಾರೋಯ್ತಂತೆ, ಅಷ್ಟು ಜೋರು.” ಡಾಕ್ಟರ ಫೋನೂ ಬಡಿದುಕೊಂಡಿತು. ಕ್ಲಿನಿಕ್ಕಿನಲ್ಲಿ ಅವರ ಸಹಾಯಕಿಯ ಮುಂದೆ ಒಬ್ಬ ಗಿರಾಕಿ ಬಾಯಿ ತೆರೆದು ಕೂತಿದ್ದಾನೆ, ನಲ್ಲಿಯಲ್ಲಿ ನೀರು ದಾರದಷ್ಟು.

“ನಿಲ್ಲಿಸಿ ಅದನ್ನ,” ಎಂದರು ಡಾಕ್ಟರು.

“ಬಿಡಿ ಹಾಗೇ,” ಎಂದಳು ಲಾಂಡ್ರಿಯಮ್ಮ. “ಇಷ್ಟು ನೀರು ಕಂಡು ಎಷ್ಟು ದಿನ ಆಯ್ತು ಗೊತ್ತಾ?”

ಇಬ್ಬರೂ ಅವನ ಮುಖ ನೋಡಿದರು. ಎರಡು ಬೀದಿಗಳೂ ನೋಡಿದವು. ಅದೂಸರಿ ಅಭ್ಯಾಸದಂತೆ ಕಣ್ಣು ಮುಚ್ಚಿ, ತಲೆದೂಗಿ, ಬಾಯಿ ತೆರೆದ. ಆದರೆ ಒಂದು ವಾಲ್ವಿಗೆ ತೆರೆ ಎಂದೂ ಮುಚ್ಚು ಎಂದೂ ಒಟ್ಟಿಗೆ ಹೇಳಲಾಗುವುದಿಲ್ಲ. ಬಾಯಿ ಮುಚ್ಚಿ ಅವನು ಪರದೆಯ ಮೇಲೆ ಎರಡು ಲೈನುಗಳಿಗೂ ನೀರುಣಿಸುವ ಟ್ಯಾಂಕುಗಳ ಮಟ್ಟ ತೆಗೆದು ನೋಡಿದ. ಮೇಲಿನದು ನಿಧಾನವಾಗಿ ಇಳಿಯುತ್ತಿತ್ತು, ಬತ್ತುವ ಮಾತೇ ಇರಲಿಲ್ಲ. ಕೆಳಗಿನದರ ತಳವಷ್ಟೇ ಒದ್ದೆಯಾಗಿತ್ತು.

“ಎಲ್ರೂ ಕೂತ್ಕೊಳ್ಳಿ,” ಎಂದ. “ಕೆಳಗಿನ ಟ್ಯಾಂಕ್ ಅರ್ಧ ತುಂಬಲಿ. ಅಲ್ಲೀವರೆಗೂ ನಾನು ನಿಲ್ಲಿಸಲ್ಲ. ತುಂಬಿದ ಮೇಲೆ ಒಂದು ನಿಮಿಷನೂ ಬಿಡಲ್ಲ.”

“ನನ್ನ ಗಿರಾಕಿ ಬಾಯಿ ತೆಕ್ಕೊಂಡು ಕೂತಿದ್ದಾನೆ ಕಣ್ರೀ.”

“ಮುಚ್ಕೊಂಡು ಕೂತಿರೋಕೆ ಹೇಳಿ.”

ಡಾಕ್ಟರು ಕೂತರು. ಹೆಂಡತಿ ನೆಲದಿಂದ ಕಾಲು ಸಡಿಲಿಸಿ, ಗಂಡನನ್ನು ಮೊದಲ ಸಲ ನೋಡುವವಳಂತೆ ನೋಡಿ, ಎಲ್ಲರಿಗೂ ಕಾಫಿ ಮಾಡಲು ಎದ್ದಳು. ಮೇಡಂಗೆ ಅವನೇ ಫೋನ್ ಮಾಡಿ ಆದದ್ದನ್ನು ಹೇಳಿದ. ಕೆಳಗಿನ ಟ್ಯಾಂಕು ಅರ್ಧ ಮುಟ್ಟಿದಾಗ, ಅಡ್ಡ ವಾಲ್ವ್ ಮುಚ್ಚುವ ಹಳೆಯ ಗಂಟನ್ನು ಎರಡು ಸಲ ಪರೀಕ್ಷಿಸಿ, ಬರಿಯ ‘ಕಳಿಸು’ ಎಂದು ಟೈಪ್ ಮಾಡಿದ. ಗೊರಗೊರ ನಿಂತಿತು.

ಶುಕ್ರವಾರ ಮೇಡಂ ಅವನಿಗೆ ಕುರ್ಚಿ ತೋರಿಸಲಿಲ್ಲ. ಬೈಯಬೇಕಾದ್ದನ್ನೆಲ್ಲ ಬೈದರು. ಅವನು ಒಂದಕ್ಕೂ ‘ಅದೂ ಸರಿ’ ಎನ್ನಲಿಲ್ಲ, “ತಪ್ಪಾಯ್ತು” ಎಂದ.

“ಸರಿ. ಸೇರಿಸೋದೋ, ಬೇರೆನೋ?”

“ಬೇರೆ, ಮೇಡಂ.”

“ಕಾರಣ?”

“ಎರಡರ ನಡುವೆ ಒಂದ್ಸಲ ಉಸಿರು ತಗೊಂಡು ನೋಡೋಕೆ ಜಾಗ ಇರ್ಬೇಕು. ಶಾಲಿನವಳ ದೂರಿಗೆ ಬೇರೆ ದಾರಿ ಇದೆ. ಕಟ್ಟಿದ್ದು ಹೊಸದೋ ಹಳೇದೋ ಅಂತ ಕಳಿಸೋ ಮುಂಚೆ ಅದೇ ಕೇಳೋ ಹಾಗೆ ಮಾಡ್ತೀನಿ.”

ಮೇಡಂ ತಲೆಯಾಡಿಸಿದರು. ಅವರ ಮುಂದಿನ ಪರದೆಯಲ್ಲಿ ಹಿಂದಿನ ಸಂಜೆಯ ಟ್ಯಾಂಕಿನ ಗೆರೆಗಳಿದ್ದವು. “ಈ ಅಡ್ಡ ವಾಲ್ವನ್ನ ಬೆಳಗಿನ ಹೊತ್ತು ಸ್ವಲ್ಪ ತೆಗೆದಿಟ್ರೆ ಕೆಳಗಿನ ಬೀದಿಗೆ ನೀರು ಸಾಲುತ್ತೆ ಅಲ್ರೀ. ಇಷ್ಟು ವರ್ಷ ಯಾರೂ ಯಾಕೆ ಮಾಡ್ಲಿಲ್ಲ?”

“ಬೆಂಕಿ ಬೀಳ್ಲಿಲ್ಲ ಮೇಡಂ.”

ಹೀಗೆ ಸಾಧನಗಳು ಬೇರೆಯಾಗಿಯೇ ಉಳಿದವು. ಬೆಳಗಿನ ಹೊತ್ತು ಲೈನುಗಳು ಸೇರಿದವು. ಕಚೇರಿಯಲ್ಲಿ ಅದೂಸರಿ ಬೇರೆ ಇಟ್ಟವನೆಂದು ಹೆಸರಾದ, ಬೀದಿಯಲ್ಲಿ ಸೇರಿಸಿದವನೆಂದು. ಕೌನ್ಸಿಲರು ಬಚ್ಚಲ ಬಾಗಿಲಿನಿಂದ ಈಚೆ ಬಂದು, ಎಲ್ಲ ತಮ್ಮ ಪ್ರಯತ್ನದ ಫಲ ಎಂದು ಕೆಳಗಿನ ಬೀದಿಯಲ್ಲಿ ಮಾತ್ರ ಹೇಳಿಕೊಂಡರು. ಲಾಂಡ್ರಿಯಮ್ಮ ಅವನ ಶರ್ಟುಗಳನ್ನು ಎಲ್ಲರಿಗಿಂತ ಮೊದಲು ಒಗೆಯತೊಡಗಿದಳು. ಹಲ್ಲಿನ ಡಾಕ್ಟರು ಮಾತ್ರ ಅವನನ್ನು ಕಂಡರೆ ಮುಖ ತಿರುಗಿಸಿ ನಡೆಯುತ್ತಿದ್ದರು.

ಒಂದು ಬೆಳಿಗ್ಗೆ ಅದೂಸರಿಯ ದವಡೆ ಊದಿಕೊಂಡಿತು. ಒಂದು ದಿನ ಲವಂಗ ಕಚ್ಚಿ ತಡೆದ. ಮರುದಿನ ಬೆಳಿಗ್ಗೆಯೇ ಹೆಂಡತಿ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಕ್ಲಿನಿಕ್ಕಿನ ಮುಂದೆ ಇಳಿಸಿ, ತಪ್ಪಿಸಿಕೊಂಡು ಬರದಂತೆ ಅಲ್ಲೇ ನಿಂತಳು. ಊರಲ್ಲಿ ಹಲ್ಲಿನ ಡಾಕ್ಟರು ಇದ್ದದ್ದು ಒಬ್ಬರೇ.

ಡಾಕ್ಟರು ಅವನನ್ನು ಉದ್ದ ಕುರ್ಚಿಯಲ್ಲಿ ಮಲಗಿಸಿ, ಬಾಯಿಗೆ ದೀಪ ಬಿಟ್ಟು ನೋಡಿದರು. ಹಲ್ಲನ್ನು ಕೊರೆದು, ಒಳಗೆಲ್ಲ ಒಂದು ಕಡುಕಹಿ ಔಷಧಿ ತುಂಬಿದರು. ಅದು ನಾಲಿಗೆಯಿಂದ ಕಿವಿಯವರೆಗೂ ಕಹಿಯಾಯಿತು. ಮುಕ್ಕಳಿಸಲು ಅವನು ಪಕ್ಕದ ಬಟ್ಟಲಿನ ಕಡೆ ಬಾಗಿದ. ಸಣ್ಣ ನಲ್ಲಿಯಿಂದ ಒಂದು ಹನಿ ಬಿತ್ತು. ಅವನು ಕಾದ. ಇನ್ನೊಂದು ಹನಿ ಬರುವ ಸೂಚನೆಯೇ ಇರಲಿಲ್ಲ.

ಡಾಕ್ಟರು ಗೋಡೆಯ ಗಡಿಯಾರ ನೋಡಿ, ಸ್ಟೂಲು ಎಳೆದುಕೊಂಡು, ಕೈಕಟ್ಟಿ ಕೂತರು.

“ನಮ್ಮ ಕ್ಲಿನಿಕ್ಕಿನ ಟ್ಯಾಂಕ್ ನೀರು ರಾತ್ರೀನೇ ಖಾಲಿ. ಬೆಳಗಿನ ಹೊತ್ತು ಕೆಳಗಿನ ಬೀದಿಗೆ ಹೋಗೋದು ನಿಲ್ಲೋವರೆಗೂ ಇಲ್ಲಿ ಇಷ್ಟೇ,” ಎಂದರು. “ಇನ್ನೂ ಹೊತ್ತಿದೆ. ಬಾಯಿ ಮುಚ್ಕೊಂಡೇ ಇರಿ, ನುಂಗಬೇಡಿ. ನಿಮ್ಮ ಹತ್ರ ನಾಲ್ಕು ಮಾತಾಡ್ಬೇಕು ಅಂತ ಬಹಳ ದಿನದಿಂದ ಕಾಯ್ತಾ ಇದ್ದೆ.”

ಕಿಟಕಿಯ ಕೆಳಗೆ, ಇಳಿಜಾರಿನ ಬುಡದಲ್ಲಿ, ಲಾಂಡ್ರಿಯ ತೊಟ್ಟಿಗಳಿಗೆ ನೀರು ಧೋ ಎಂದು ಬೀಳುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಅದೂಸರಿ ಕೆನ್ನೆಯುಬ್ಬಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು, ಕಿವಿಯನ್ನು ಪೂರ್ತಿ ಆ ಕಡೆಗೇ ಇಟ್ಟು ಮಲಗಿದ. ಡಾಕ್ಟರು ಮೊದಲಿನಿಂದ ಶುರುಮಾಡಿದರು.